ಅಕ್ಕ ಓದಿದ ಕಾಗದ

ಆ ಮನೆಯಲ್ಲಿ ಲಾಯರಮ್ಮ ಓದದ ಕಾಗದಕ್ಕೆ ಯಾರೂ ಸಹಿ ಹಾಕುತ್ತಿರಲಿಲ್ಲ. ಬಾಡಿಗೆ ಕರಾರು, ಆಸ್ಪತ್ರೆಯ ಒಪ್ಪಿಗೆ ಪತ್ರ, ತಮ್ಮನ ಮಗಳ ಶಾಲಾ ಪ್ರವಾಸಕ್ಕೆ ಪಾಲಕರ ಅನುಮತಿ, ಕೊನೆಗೆ ಬಟ್ಟೆ ಒಗೆಯುವ ಯಂತ್ರದ ಗ್ಯಾರಂಟಿ ಕಾರ್ಡು ಕೂಡ ಮೊದಲು ಅವಳ ಕೈಗೆ ಬರಬೇಕು. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸಣ್ಣಕ್ಷರವನ್ನೂ ಬಿಡದೆ ಓದಿ, ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಟಿಕ್ ಹಾಕಬೇಕು. ಆಮೇಲೆಯೇ ಪೆನ್ನಿನ ಮುಚ್ಚಳ ತೆಗೆಯುವುದು. ಅಮ್ಮನಂತೂ ಕೊರಿಯರ್‌ನವನನ್ನು ಬಾಗಿಲಲ್ಲೇ ನಿಲ್ಲಿಸಿ, "ಇವನ ಮೊಬೈಲಿನ ಮೇಲೆ ಬೆರಳಲ್ಲಿ ಗೀಚು ಅಂತಾನೆ ಕಣೇ, ಗೀಚಬಹುದಾ?" ಎಂದು ಮಗಳಿಗೆ ಫೋನ್ ಮಾಡಿದ್ದುಂಟು.

ಇದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಅಪ್ಪ ಗೆಳೆಯನೊಬ್ಬನ ಮಾತು ನಂಬಿ, ಓದದೆ ಸಹಿ ಹಾಕಿ, ಇದ್ದೊಂದು ಅಂಗಡಿಯನ್ನು ಕಳೆದುಕೊಂಡವರು. ಅಂದಿನಿಂದ ಅಮ್ಮನ ಪಾಲಿಗೆ ಜಗತ್ತಿನಲ್ಲಿ ಎರಡೇ ಜಾತಿ: ಓದಿ ಸಹಿ ಹಾಕುವವರು, ಓದದೆ ಹಾಳಾಗುವವರು. ಮಗಳು ಕಾನೂನು ಓದಿದ್ದು ಮನೆಯ ಬಾಗಿಲಿಗೆ ಚಿಲಕ ಹಾಕಿದಷ್ಟೇ ನೆಮ್ಮದಿ ಕೊಟ್ಟಿತ್ತು ಅವಳಿಗೆ.

ಹೊರಗಿನವರಿಗೆ ಲಾಯರಮ್ಮನದು 'ಹಣಕಾಸು ಇಲಾಖೆಯಲ್ಲಿ ಏನೋ ಕಾನೂನು ಕೆಲಸ.' ಆ 'ಏನೋ'ದ ಒಳಗೆ ಅವಳ ಅರ್ಧ ಆಯುಸ್ಸು ಕಳೆದಿತ್ತು. ಬ್ಯಾಂಕುಗಳು ತಮ್ಮ ಗಿರಾಕಿಗಳ ಮೇಲೆ ಅನುಮಾನ ಬಂದಾಗ ಗುಟ್ಟಾಗಿ ವರದಿ ಕಳಿಸುವ ಕಚೇರಿ ಅದು. ಯಾವ ಹಣ ಯಾವ ವೇಷ ಹಾಕಿಕೊಂಡು ಎಲ್ಲಿಂದ ಹೊರಟು ಯಾವ ಊರಿನ ಸಂತೆಯಲ್ಲಿ ಬಾಂಬಾಗಿ ಸಿಡಿಯುತ್ತದೆ ಎಂದು ನೋಡುವುದು ಅಲ್ಲಿಯವರ ಕೆಲಸ. ಕಿಟಕಿಗಳು ತೆರೆಯುವುದಿಲ್ಲ. ಮೊಬೈಲು ಬಾಗಿಲಾಚೆಯ ಪೆಟ್ಟಿಗೆಯಲ್ಲಿ. ಒಳಗೆ ಹೋಗಲು ಎರಡು ಬಾಗಿಲು, ನಡುವೆ ಒಬ್ಬರೇ ನಿಲ್ಲುವಷ್ಟು ಗಾಜಿನ ಗೂಡು. ಹಿಂದಿನ ಬಾಗಿಲು ಮುಚ್ಚಿಕೊಳ್ಳುವ ತನಕ ಮುಂದಿನದು ತೆರೆಯುವುದಿಲ್ಲ. ಯಾರ ಖಾತೆಯನ್ನು ನೋಡಬಹುದು, ಯಾರ ಫೋನ್ ಕೇಳಬಹುದು, ನ್ಯಾಯಾಲಯದ ಅಪ್ಪಣೆಗೆ ಏನೆಂದು ಬರೆಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವವಳು ಲಾಯರಮ್ಮ. ಅವಳು ಸರಿಯೆಂದರೆ ಮಾತ್ರ ಪತ್ತೇದಾರರು ಹೆಜ್ಜೆ ಎತ್ತುವುದು.

ಆ ಕಚೇರಿಗೆ ಬಂದ ಹೊಸದರಲ್ಲಿ ಅವಳು ಒಂದು ದೊಡ್ಡ ಹೆಸರು ಮಾಡಿದ್ದಳು. ನಿಗಾದಲ್ಲಿರುವ ವ್ಯಕ್ತಿಗೆ ಅದರ ಸುಳಿವು ಕೊಡುವುದು ಅಪರಾಧ ಎಂಬ ಕಲಮಿನ ಕರಡು ತಯಾರಾಗುತ್ತಿದ್ದ ಕಾಲ. ಹಿರಿಯರು 'ಮಾತಿನಿಂದ ಅಥವಾ ಬರಹದಿಂದ' ಎಂದು ಬರೆದು ಕೈತೊಳೆದುಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಎದ್ದು ನಿಂತು, "ಸರ್, ದಿನಾ ನಗ್ತಾ ಮಾತಾಡಿಸೋ ಬ್ಯಾಂಕ್ ಮ್ಯಾನೇಜರ್ ಒಂದಿನ ಮುಖ ತಿರುಗಿಸ್ಕೊಂಡ್ರೆ ಸಾಕು, ಕಳ್ಳನಿಗೆ ಗೊತ್ತಾಗುತ್ತೆ. ಬಾಯೇ ಬಿಡಬೇಕಾಗಿಲ್ಲ," ಎಂದಳು. ಕಲಮಿಗೆ 'ಅಥವಾ ನಡತೆಯಲ್ಲಿನ ಬದಲಾವಣೆಯಿಂದ' ಎಂಬ ಮಾತು ಸೇರಿತು. ಹಿರಿಯರು ಭೇಷ್ ಎಂದರು. ಜಾಣತನಕ್ಕೆ ಒಂದು ಕೆಟ್ಟ ಗುಣವಿದೆ, ಅದು ಹೆತ್ತವರ ಗುರುತು ಇಟ್ಟುಕೊಳ್ಳುವುದಿಲ್ಲ.

ಒಂದು ಭಾನುವಾರ ತಮ್ಮ ಕಾಗದದ ಕಟ್ಟೊಂದನ್ನು ಊಟದ ಮೇಜಿನ ಮೇಲೆ ಇಟ್ಟ.

ತಮ್ಮನನ್ನು ಮನೆಯಲ್ಲಿ ಗುಂಡ ಎನ್ನುತ್ತಿದ್ದರು. ಹುಟ್ಟಿದಾಗ ಗುಂಡಗಿದ್ದನಂತೆ, ಈಗ ಬಿದಿರುಕಡ್ಡಿಯಂತಿದ್ದರೂ ಹೆಸರು ಹಾಗೇ ಉಳಿದಿತ್ತು. ಹಾಲು, ಮೀನು, ಔಷಧ ಸಾಗಿಸುವ ತಂಪು ಲಾರಿಗಳ ರಿಪೇರಿ ಅವನ ಕಸುಬು. ಮನೆಯ ಮುಂದೆಯೇ ಶೆಡ್ಡು. ಲಾರಿ ತಿರುವಿನಲ್ಲಿ ಬರುವಾಗಲೇ ಅದರ ಕಂಪ್ರೆಸರ್ ಸದ್ದು ಕೇಳಿ, "ಇದರ ಬೆಲ್ಟು ಹೋಗಿದೆ," ಎಂದು ಸ್ಪ್ಯಾನರ್ ಹುಡುಕುತ್ತಿದ್ದ. ಕಾಗದ ಕಂಡರೆ ಮಾತ್ರ ಅವನಿಗೆ ಬೆವರು.

"ಅಕ್ಕಾ, ಇದನ್ನೊಂಚೂರು ನೋಡಿಬಿಡು," ಎಂದ. ಮುಖ ಅರಳಿತ್ತು. "ನಮ್ಮ ಯಜಮಾನ್ರು ನನ್ನ ಪಾಲುದಾರ ಮಾಡ್ಕೋತಾರಂತೆ. ಹೊಸ ಕಂಪನಿ. ಲಾರಿ ಎಲ್ಲ ಅವರದ್ದು, ಓಡಿಸೋ ಜವಾಬ್ದಾರಿ ನಂದು. ನಿರ್ದೇಶಕ ಅಂತ ಬೋರ್ಡ್ ಮೇಲೆ ನನ್ನ ಹೆಸರು!"

"ಯಾವ ಯಜಮಾನ್ರೋ?" ಅಮ್ಮ ಕೇಳಿದಳು.

ಗುಂಡ ಹೆಸರು ಹೇಳಿದ. ಲಾಯರಮ್ಮನ ಕೈಯಲ್ಲಿದ್ದ ನೀರಿನ ಲೋಟ ಬಾಯಿಯವರೆಗೆ ಬಂದು ನಿಂತಿತು. ಕಚೇರಿಯಲ್ಲಿ ಆ ಮನುಷ್ಯನ ಗುಪ್ತನಾಮ 'ಛತ್ರಿ'. ಯಂತ್ರವೊಂದು ಪದಗಳ ಮೂಟೆಯಿಂದ ಹೆಕ್ಕಿ ಕೊಟ್ಟ ಹೆಸರು. ಅದಕ್ಕೂ ಅವನ ಗುಣಕ್ಕೂ ತಾಳೆಯಾದದ್ದು ಯಂತ್ರದ ಅದೃಷ್ಟ. ಹೋದ ವರ್ಷ ಬಸ್ ನಿಲ್ದಾಣವೊಂದನ್ನು ಪುಡಿಮಾಡಿದ ಗುಂಪಿಗೆ ಹಣ ಹೋದ ದಾರಿ ಅವನ ಬಾಗಿಲ ಮುಂದೆ ಬಂದು ನಿಂತಿತ್ತು. ಅವನ ಫೋನ್ ಕೇಳಲು ನ್ಯಾಯಾಲಯಕ್ಕೆ ಅರ್ಜಿ ಬರೆದವಳೇ ಲಾಯರಮ್ಮ. ನಿಲ್ದಾಣದ ಫೋಟೋಗಳನ್ನು ಅರ್ಜಿಗೆ ಲಗತ್ತಿಸುವಾಗ ಒಂದರಲ್ಲಿದ್ದ ಮಗುವಿನ ಚಪ್ಪಲಿ ನೋಡಿ ಎದ್ದು ಹೋಗಿ ಮುಖ ತೊಳೆದು ಬಂದಿದ್ದಳು.

ಲೋಟವನ್ನು ಬಾಯಿಗಿಟ್ಟು ನೀರು ಕುಡಿದಳು. ನಿಲ್ಲಿಸಿದ್ದು ಒಂದು ಕ್ಷಣವಿರಬಹುದು. ತನ್ನದೇ ಕಲಮಿನ ಪ್ರಕಾರ ಆ ಒಂದು ಕ್ಷಣವೂ ಅಪರಾಧವೇ.

"ಹೇಗೆ ಪರಿಚಯ?" ಎಂದಳು. ದನಿ ಸರಿಯಾಗಿಯೇ ಬಂತು.

"ಲಾರಿ ರಿಪೇರಿಗೆ ಬರ್ತಿದ್ರು. ಎಷ್ಟು ಒಳ್ಳೆ ಮನುಷ್ಯ ಗೊತ್ತಾ! ಸಹಿಗೆ ಅವಸರ ಇಲ್ಲ, ಮೊದಲು ನಿಮ್ಮಕ್ಕನಿಗೆ ತೋರಿಸಿ, ಅವರು ಹೂಂ ಅಂದ್ರೆ ಮಾತ್ರ ಹಾಕಿ ಅಂತ ಅವರೇ ಹೇಳಿದ್ರು."

"ನೋಡು, ದೊಡ್ಡವರು ಅಂದ್ರೆ ಹೀಗಿರಬೇಕು," ಎಂದಳು ಅಮ್ಮ. ಗುಂಡನ ಹೆಂಡತಿ ಆಗಲೇ ಡ್ರಾಯರಿನಿಂದ ಪೆನ್ಸಿಲ್ ತಂದು, "ಅತ್ತಿಗೆ, ಚೂಪು ಮಾಡಿದೀನಿ," ಎಂದು ಇಟ್ಟಳು.

"ಮನೆಗೆ ತಗೊಂಡು ಹೋಗಿ ಓದ್ತೀನಿ," ಎಂದಳು ಲಾಯರಮ್ಮ. ದೊಡ್ಡ ಕಟ್ಟುಗಳನ್ನು ಅವಳು ಯಾವಾಗಲೂ ಹಾಗೇ ಮಾಡುತ್ತಿದ್ದುದರಿಂದ ಯಾರಿಗೂ ಏನೂ ಅನಿಸಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನೇರ ತನ್ನ ಕಚೇರಿಯ ನಿರ್ದೇಶಕರ ಕೋಣೆಗೆ ಹೋದಳು. ಅವರನ್ನು ಕಚೇರಿಯಲ್ಲಿ ಹಿಂದಿನಿಂದ ಇಸ್ತ್ರಿ ಸಾಹೇಬರು ಎನ್ನುತ್ತಿದ್ದರು. ಬಟ್ಟೆಯಲ್ಲಷ್ಟೇ ಅಲ್ಲ, ಮಾತಿನಲ್ಲೂ ಒಂದು ಸುಕ್ಕು ಕಾಣಿಸದ ಮನುಷ್ಯ. ನಿಯಮದ ಪ್ರಕಾರ ಅವಳು ಎಲ್ಲವನ್ನೂ ಹೇಳಿದಳು: ಛತ್ರಿ ತನ್ನ ತಮ್ಮನನ್ನು ಹಿಡಿದಿದ್ದಾನೆ, ತಾನಿನ್ನು ಈ ಕಡತ ಮುಟ್ಟಬಾರದು, ತಮ್ಮನನ್ನು ಹೇಗಾದರೂ ಇದರಿಂದ ದೂರ ಇಡಬೇಕು.

"ಕಡತದಿಂದ ನಿಮ್ಮನ್ನ ಈಗಲೇ ತೆಗೀತೀನಿ," ಎಂದರು ಸಾಹೇಬರು. "ತಮ್ಮನ್ನ ದೂರ ಇಡೋದು ಹೇಗೆ ಅಂತ ನೀವೇ ಹೇಳಿ."

"ಬೇಡ ಅಂತೀನಿ."

"ಯಾಕೆ ಬೇಡ ಅಂತ ಕೇಳ್ತಾನೆ. ಏನು ಹೇಳ್ತೀರಿ?"

ಅವಳು ಕನ್ನಡಕ ತೆಗೆದು ಮಡಿಚಿದಳು.

"ಮೇಡಂ, ಊರಲ್ಲಿ ಲಾರಿ ಮೆಕ್ಯಾನಿಕ್‌ಗಳಿಗೆ ಬರ ಬಂದಿಲ್ಲ. ಅವನು ನಿಮ್ಮ ತಮ್ಮನ್ನೇ ಯಾಕೆ ಆರಿಸ್ಕೊಂಡ? ಅಕ್ಕನಿಗೆ ತೋರಿಸು ಅಂತ ತಾನೇ ಯಾಕೆ ಹೇಳ್ದ? ನೀವೆಲ್ಲಿ ಕೆಲಸ ಮಾಡ್ತೀರಿ ಅಂತ ಅವನಿಗೆ ಗೊತ್ತು. ಅವನಿಗೆ ಬೇಕಾಗಿರೋದು ಪಾಲುದಾರ ಅಲ್ಲ, ನಿಮ್ಮ ಟಿಕ್ಕು. ನೀವು ಬೇಡ ಅಂದ ದಿನವೇ ಅವನಿಗೆ ನಾವು ಬೆನ್ನು ಹತ್ತಿದೀವಿ ಅಂತ ಗೊತ್ತಾಗುತ್ತೆ. ಅವನು ಮಾಯ, ಅವನ ಜೊತೆ ಸಿಡಿಮದ್ದಿನ ಸರಕೂ ಮಾಯ. ಆಮೇಲೆ ಇನ್ನೊಂದು ಬಸ್ ನಿಲ್ದಾಣದ ಫೋಟೋ ನಿಮ್ಮ ಮೇಜಿಗೆ ಬರುತ್ತೆ."

ಲಾಯರಮ್ಮನಿಗೆ ಕುರ್ಚಿಯ ಕೈಗಳು ಹತ್ತಿರ ಬಂದಂತಾಯಿತು. ಅವಳು ಇಷ್ಟು ಸರಳವಾದ ಲೆಕ್ಕವನ್ನು ನಿನ್ನೆಯಿಂದ ಮಾಡದೆ ಇದ್ದುದು ಬುದ್ಧಿ ಸಾಲದೆ ಅಲ್ಲ, ಧೈರ್ಯ ಸಾಲದೆ.

"ಹಾಗಾದ್ರೆ ಓದೋದೇ ಇಲ್ಲ ಅಂತೀನಿ. ಪುರುಸೊತ್ತಿಲ್ಲ ಅಂತೀನಿ."

"ಯಾವತ್ತಾದ್ರೂ ಹಾಗೆ ಅಂದಿದೀರಾ?"

ಅಂದಿರಲಿಲ್ಲ. ಜ್ವರದಲ್ಲಿ ಮಲಗಿದ್ದಾಗಲೂ ತಮ್ಮನ ಶೆಡ್ಡಿನ ಕರಾರು ಓದಿ ಟಿಕ್ ಹಾಕಿದ್ದಳು.

"ಎಂದಿನ ಹಾಗೆ ಓದಿ. ಎಂದಿನ ಹಾಗೆ ಟಿಕ್ ಹಾಕಿ," ಎಂದರು ಸಾಹೇಬರು. "ಹಾವೂ ಸಾಯಬೇಕು, ಕೋಲೂ ಮುರೀಬಾರದು. ಇನ್ನು ಕೆಲವೇ ತಿಂಗಳು. ನಿಮ್ಮ ತಮ್ಮನಿಗೆ ಏನೂ ಗೊತ್ತಿಲ್ಲ ಅನ್ನೋದು ನಮಗೆ ಗೊತ್ತಲ್ಲ? ಅವನನ್ನ ನಾವು ಬಿಟ್ಟುಕೊಡ್ತೀವಾ?"

"ಅದನ್ನ ಬರೆದು ಕೊಡ್ತೀರಾ ಸರ್?"

ಸಾಹೇಬರು ಮೊದಲ ಸಲ ನಕ್ಕರು. "ಬರೆದಿದ್ದು ಸೋರುತ್ತೆ ಅಂತ ಹೊಸಬರಿಗೆ ಪಾಠ ಹೇಳೋರು ನೀವು. ನಿಮ್ಮ ತಮ್ಮ ನಮ್ಮವನು ಅಂತ ಒಂದು ಸಾಲು ಎಲ್ಲಾದ್ರೂ ಇದ್ದು ಅದು ಹೊರಗೆ ಹೋದ್ರೆ ಅವನ ಗತಿ ಏನು?"

ಅದೂ ನಿಜವೇ. ಆ ಕೋಣೆಯಲ್ಲಿ ಆಡಿದ ಮಾತೆಲ್ಲವೂ ನಿಜವಾಗಿದ್ದದ್ದೇ ದೊಡ್ಡ ತೊಂದರೆ. ಒಂದಾದರೂ ಸುಳ್ಳಿದ್ದಿದ್ದರೆ ಅದರ ಕುತ್ತಿಗೆ ಹಿಡಿದು ಜಗಳವಾಡಬಹುದಿತ್ತು. ಊರಿಗೆಲ್ಲ 'ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ' ಎಂದು ಬುದ್ಧಿ ಹೇಳುತ್ತಿದ್ದವಳು ತನ್ನ ಒಡಹುಟ್ಟಿದವನನ್ನು ಒಂದು ಬಾಯಿಮಾತಿಗೆ ಒಪ್ಪಿಸಿ ಎದ್ದು ಬಂದಳು.

ಆದರೂ ಅವಳು ಸುಮ್ಮನೆ ಕೈಚೆಲ್ಲಲಿಲ್ಲ. ವಾರವಿಡೀ ಆ ಕಾಗದಗಳಲ್ಲಿ ಒಂದು ನಿಜವಾದ ತಪ್ಪಿಗಾಗಿ ಹುಡುಕಿದಳು. ತಪ್ಪು ಸಿಕ್ಕರೆ ಬೇಡ ಎನ್ನಲು ಪ್ರಾಮಾಣಿಕ ಕಾರಣ ಸಿಕ್ಕಂತೆ. ಆಗ ಕಲಮೂ ಉಳಿಯುತ್ತದೆ, ತಮ್ಮನೂ ಉಳಿಯುತ್ತಾನೆ. ಬಾಡಿಗೆ ಮನೆಯ ಕರಾರಿನಲ್ಲೂ ಹತ್ತು ಹುಳುಕು ತೆಗೆಯುವವಳಿಗೆ ಈ ಕಟ್ಟಿನಲ್ಲಿ ಒಂದು ಸಿಗಲಿಲ್ಲ. ಮೊಸರಲ್ಲಿ ಕಲ್ಲು ಹುಡುಕಿದಳು. ಕೊನೆಗೆ ಪಾಲುದಾರರು ಬೇರೆಯಾಗುವ ಷರತ್ತಿನಲ್ಲಿ ನೋಟೀಸಿನ ಅವಧಿ ತಮ್ಮನಿಗೆ ಅನುಕೂಲವಾಗಿಲ್ಲ ಎಂದು ಒಂದು ತಕರಾರು ಎಬ್ಬಿಸಿದಳು. ಛತ್ರಿ ಅದನ್ನು ಮರುದಿನವೇ ತಿದ್ದಿಸಿ, 'ಇಷ್ಟು ಕಾಳಜಿಯಿಂದ ಓದುವ ಅಕ್ಕ ಎಲ್ಲರಿಗೂ ಇರಲಿ' ಎಂದು ಗುಂಡನ ಕೈಲಿ ಹೇಳಿ ಕಳಿಸಿದ. ತಿದ್ದಿದ ಮೇಲೆ ಕಾಗದ ಮೊದಲಿಗಿಂತ ಚೊಕ್ಕವಾಯಿತು.

ಉಳಿದದ್ದು ತಮ್ಮನ ಮನಸ್ಸು. ಒಂದು ಸಂಜೆ ಶೆಡ್ಡಿಗೆ ಹೋದಳು. ಗುಂಡ ಲಾರಿಯ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲನ್ನೇ ಮಾತಾಡಿಸಿದಳು.

"ಗುಂಡಾ, ಶೆಡ್ಡು ಚೆನ್ನಾಗೇ ನಡೀತಿದೆಯಲ್ಲ. ಇದೆಲ್ಲ ಯಾಕೆ ಬೇಕು ನಿಂಗೆ?"

ಕಾಲು ಅಲುಗಾಡುವುದು ನಿಂತಿತು. ಅವನು ಸರಿದು ಹೊರಬಂದು, ಗ್ರೀಸು ಹತ್ತಿದ ಮುಖದಿಂದ ಅವಳನ್ನು ನೋಡಿದ.

"ನೀನ್ಯಾವತ್ತೂ ಹೀಗೆ ಕೇಳಿದವಳಲ್ಲ ಅಕ್ಕ. ಕಾಗದದಲ್ಲಿ ಏನಾದ್ರೂ ಇದೆಯಾ?"

"ಕಾಗದದಲ್ಲಿ ಏನೂ ಇಲ್ಲ."

"ಮತ್ತೆ? ಯಜಮಾನ್ರ ಬಗ್ಗೆ ಏನಾದ್ರೂ ಕೇಳಿದೀಯಾ? ನಿಮ್ಮಾಫೀಸಲ್ಲಿ?" ಅವನು ಅನುಮಾನಪಟ್ಟು ಕೇಳಿದ್ದಲ್ಲ, ಅಕ್ಕ ಬಲ್ಲವಳೆಂದು ಕೇಳಿದ್ದು. "ಹಾಗಿದ್ರೆ ಹೇಳು, ಈಗ್ಲೇ ಹೋಗಿ ಅವರನ್ನೇ ಕೇಳ್ತೀನಿ. ನೇರ ಮನುಷ್ಯ ಅವರು, ಮುಚ್ಚಿಡೋರಲ್ಲ."

ಕೇಳಿಯೇ ಬಿಡುತ್ತಿದ್ದ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ಹುಡುಗ ಅವನು. ಚಿಕ್ಕಂದಿನಲ್ಲಿ ಬೆಲ್ಲ ಕದ್ದರೆ ತಾನೇ ಹೋಗಿ ಅಮ್ಮನಿಗೆ ಬಾಯಿ ತೋರಿಸುತ್ತಿದ್ದ. ಇವನಿಗೆ ಗುಟ್ಟು ಹೇಳುವುದೂ ಒಂದೇ, ಬೀದಿಯಲ್ಲಿ ಡಂಗುರ ಹೊಡೆಸುವುದೂ ಒಂದೇ. ಲಾಯರಮ್ಮನಿಗೆ ತಮ್ಮನ ಮೇಲೆ ಎಂದೂ ಬಾರದ ಸಿಟ್ಟು ಬಂತು. ಇಷ್ಟು ಒಳ್ಳೆಯವನಾಗಿ ಯಾಕೆ ಹುಟ್ಟಿದೆಯೋ ಎಂದು ಕೆನ್ನೆಗೆ ಬಾರಿಸಬೇಕೆನಿಸಿತು.

"ಏನೂ ಕೇಳಿಲ್ಲಪ್ಪ. ನಿಂಗೆ ಕೆಲಸ ಜಾಸ್ತಿ ಆಗುತ್ತಲ್ಲ ಅಂತ ಅಂದೆ, ಅಷ್ಟೇ," ಎಂದಳು.

"ಅಷ್ಟೇನಾ! ನಾನೇನೋ ಅಂತ ಹೆದರ್ಕೊಂಡೆ." ಅವನು ನಕ್ಕು ಮತ್ತೆ ಲಾರಿಯ ಕೆಳಗೆ ಸರಿದ.

ಅವತ್ತೇ, ಅವನ ಶೆಡ್ಡಿನ ಮೇಜಿನ ಮೇಲೆ, ಒಂದೊಂದು ಹಾಳೆಯ ಮೂಲೆಗೂ ಅವಳು ಟಿಕ್ ಹಾಕಿದಳು. ಎಲ್ಲ ಟಿಕ್ಕೂ ಎಂದಿನ ಅಳತೆಯಲ್ಲೇ ಇದ್ದವು. ಬದಲಾಗಬಾರದೆಂದು ಕೈಗೂ ಗೊತ್ತಿತ್ತು.

ಹೊಸ ಕಚೇರಿ ಉದ್ಘಾಟನೆಯಾಯಿತು. ಬೋರ್ಡಿನ ಮೇಲೆ ತಮ್ಮನ ಹೆಸರು. ಅಮ್ಮ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಳು. ಛತ್ರಿ ಬಂದು ಲಾಯರಮ್ಮನಿಗೆ ಕೈಮುಗಿದ. ಬಿಳಿ ಕೂದಲಿನ, ಮೆದು ಮಾತಿನ ಮನುಷ್ಯ. ಅವನ ದನಿಯನ್ನು ಅವಳು ಕಚೇರಿಯ ಧ್ವನಿಮುದ್ರಣಗಳಲ್ಲಿ ಎಷ್ಟು ಸಲ ಕೇಳಿದ್ದಳೆಂದರೆ ಅವನು ಕೆಮ್ಮುವ ಮೊದಲೇ ಕೆಮ್ಮು ಬರುವುದು ಅವಳಿಗೆ ತಿಳಿಯುತ್ತಿತ್ತು.

"ನೀವು ಓದಿ ಸರಿ ಅಂದಿದೀರಿ ಅಂದ್ಮೇಲೆ ನನಗೂ ಧೈರ್ಯ ಬಂತು ನೋಡಿ," ಎಂದ.

"ಓದೋದು ನನ್ನ ಅಭ್ಯಾಸ," ಎಂದಳು. ನಕ್ಕಳು ಕೂಡ. ನಗದೆ ಇದ್ದಿದ್ದರೆ ಅದು ಬದಲಾವಣೆಯಾಗುತ್ತಿತ್ತು.

ಆಮೇಲಿನ ತಿಂಗಳುಗಳನ್ನು ಅವಳು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಕಳೆದಳು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಡತ ಅವಳ ಕೈ ತಪ್ಪಿತ್ತು. ಸಹೋದ್ಯೋಗಿಗಳು ಅವಳನ್ನು ಕಂಡ ಕೂಡಲೇ ಆಡುತ್ತಿದ್ದ ಮಾತು ನಿಲ್ಲಿಸಿ ಚಹಾದ ಬಗ್ಗೆ ಮಾತಾಡುತ್ತಿದ್ದರು. ಎಲ್ಲ ಬಾಗಿಲು ತೆರೆಸುತ್ತಿದ್ದವಳಿಗೆ ತನ್ನ ಮಹಡಿಯಲ್ಲೇ ಅರ್ಧ ಬಾಗಿಲುಗಳು ತೆರೆಯಲಿಲ್ಲ. ಭಾನುವಾರ ಮನೆಗೆ ಹೋದರೆ ಗುಂಡನ ಸಂಭ್ರಮ. ಔಷಧದ ಲಾರಿ ಎಷ್ಟು ದೂರ ಹೋಯಿತು, ಗಡಿಯ ಕಡೆಯ ಗೋದಾಮಿಗೆ ಹೊಸ ಗುತ್ತಿಗೆ ಹೇಗೆ ಸಿಕ್ಕಿತು ಎಂದು ಅವನು ವರ್ಣಿಸುವಾಗ ಅವಳು ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದಳು. ಸಾಗಣೆಯ ಪ್ರತಿ ರಸೀದಿಗೂ ನಿರ್ದೇಶಕನ ಸಹಿ ಅವನದೇ. ಒಂದೊಂದು ಸಹಿಯೂ ಒಂದೊಂದು ಆರೋಪವಾಗುತ್ತದೆಂದು ಆ ಮೇಜಿನ ಸುತ್ತ ಬಲ್ಲವಳು ಅವಳೊಬ್ಬಳೇ.

ಈ ನಡುವೆ ಇಸ್ತ್ರಿ ಸಾಹೇಬರು ಬಡ್ತಿ ಪಡೆದು ಬೇರೆ ದೇಶದ ರಾಯಭಾರ ಕಚೇರಿಗೆ ಹೊರಟರು. ಬೀಳ್ಕೊಡುಗೆಯ ದಿನ ಅವಳು ಪಕ್ಕಕ್ಕೆ ಕರೆದು, "ಸರ್, ನನ್ನ ತಮ್ಮನ ವಿಷಯ," ಎಂದಳು.

"ಬರೋರಿಗೆ ಹೇಳಿರ್ತೀನಿ," ಎಂದರು. ಹಾರದ ಹೂವೊಂದು ಅವರ ಕೋಟಿನ ಮೇಲೆ ಅಂಟಿಕೊಂಡಿತ್ತು. ಆ ಮಾತು ಆಡುವ ಮೊದಲು ಅದನ್ನು ತೆಗೆದು ಒರೆಸಿಕೊಂಡಿದ್ದರು.

ಬಲೆ ಎಳೆದದ್ದು ಒಂದು ಬುಧವಾರ ಬೆಳಿಗ್ಗೆ. ಔಷಧದ ಪೆಟ್ಟಿಗೆಗಳ ಕೆಳಗೆ ಸ್ಫೋಟಕ ಸಿಕ್ಕಿತು. ಸೇರಬೇಕಿದ್ದ ಜಾಗ ಒಂದು ರೈಲು ನಿಲ್ದಾಣ. ಅವತ್ತೂ ಅಲ್ಲಿಂದ ಎಂದಿನಂತೆ ರೈಲುಗಳು ಹೊರಟವು, ಜನ ಎಂದಿನಂತೆ ಸೀಟಿಗಾಗಿ ಜಗಳವಾಡಿದರು, ಬದುಕಿದೆವೆಂದು ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಲಾಯರಮ್ಮ ಅದನ್ನು ಕೇಳಿ ಗಾಜಿನ ಗೂಡಿನಲ್ಲಿ ನಿಂತು ಅತ್ತಳು. ಅದು ಸಮಾಧಾನದ ಅಳುವೇ. ಹೊರಗೆ ಬಂದು ಪೆಟ್ಟಿಗೆಯಿಂದ ಮೊಬೈಲು ತೆಗೆದರೆ ತಮ್ಮನ ಹೆಂಡತಿಯ ಕರೆಗಳು ಸಾಲುಗಟ್ಟಿದ್ದವು. ಛತ್ರಿಯ ಜೊತೆಗೆ ಗುಂಡನನ್ನೂ ಎತ್ತಿಕೊಂಡು ಹೋಗಿದ್ದರು.

ಹೊಸ ನಿರ್ದೇಶಕರು ಸಭ್ಯರು. ಅವಳು ಹೇಳಿದ್ದನ್ನೆಲ್ಲ ಕೇಳಿ ಕಡತ ತರಿಸಿ, ಹಿಂದೆ ಮುಂದೆ ತಿರುವಿ ನೋಡಿದರು. "ನಿಮ್ಮನ್ನ ಕಡತದಿಂದ ತೆಗೆದದ್ದು ಇದೆ ಮೇಡಂ. ಬೇರೇನೂ ಇಲ್ಲ."

"ಹಿಂದಿನ ಸಾಹೇಬರು ಮಾತು ಕೊಟ್ಟಿದ್ರು."

"ಅವರನ್ನ ಕೇಳಿ ನೋಡಿದೆ. ಅವರಿಗೆ ಅಂಥದ್ದೇನೂ ನೆನಪಿಲ್ಲವಂತೆ." ಅವರು ಅವಳ ಮುಖ ನೋಡಲಾರದೆ ಕಡತವನ್ನೇ ನೋಡಿದರು. "ಅಕ್ಕನಾಗಿ ಹೋಗಿ ನೋಡಿ ಬನ್ನಿ, ಅದಕ್ಕೆ ಅಡ್ಡಿಯಿಲ್ಲ. ಆದ್ರೆ ಕಲಂ ನಿಮಗೇ ಗೊತ್ತು. ವಿಚಾರಣೆ ಮುಗಿಯೋ ತನಕ ಅದು ಜಾರಿಯಲ್ಲಿರುತ್ತೆ."

ಭೇಟಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಎರಡನ್ನೂ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದರು. ಹತ್ತಿರ ಎಳೆದುಕೊಳ್ಳುವ ಹಾಗಿರಲಿಲ್ಲ. ದೀಪದ ಬುರುಡೆಯ ಪಕ್ಕದಲ್ಲಿ ಮಾತು ಕೇಳಿಸಿಕೊಳ್ಳುವ ಯಂತ್ರವಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಂಥದ್ದಕ್ಕೆ ಎಷ್ಟೋ ಸಲ ಅನುಮತಿ ಬರೆದವಳೇ ಅವಳು. ಗುಂಡ ಬಂದು ಎದುರಿಗೆ ಕೂತ. ಗಡ್ಡ ಬಂದಿತ್ತು. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿರಲಿಲ್ಲ.

ಅವನು ಬಾಗಿ, ಪಿಸುಮಾತಿನಲ್ಲಿ, "ಅಕ್ಕಾ, ಹೆದರ್ಬೇಡ. ನಿನ್ನ ಹೆಸರು ನಾನು ಹೇಳಿಲ್ಲ," ಎಂದ.

"ಏನು ಹೇಳಿಲ್ಲ?"

"ಕಾಗದ ನೀನು ಓದಿದ್ದು. ಯಾರಿಗೆ ತೋರಿಸಿ ಸಹಿ ಹಾಕಿದೆ ಅಂತ ಬೆಳಿಗ್ಗೆಯಿಂದ ಸಂಜೆ ತನಕ ಕೇಳಿದ್ರು. ಯಾರಿಗೂ ತೋರಿಸಿಲ್ಲ, ಆಸೆಬಿದ್ದು ನಾನೇ ಹಾಕಿದೆ ಅಂದೆ. ಟಿಕ್ಕೆಲ್ಲ ಮೊದಲೇ ರಬ್ಬರಲ್ಲಿ ಅಳಿಸಿಬಿಟ್ಟಿದ್ದೆ, ಯಜಮಾನ್ರಿಗೆ ಚೊಕ್ಕ ಕಾಗದ ಬೇಕಿತ್ತು. ಒಳ್ಳೇದೇ ಆಯ್ತು. ನಿನ್ನ ಹೆಸರು ಬಂದ್ರೆ ನಿನ್ನ ಕೆಲಸ ಹೋಗುತ್ತೆ." ಅವನು ಅವಳ ಮುಖ ನೋಡಿ ಇನ್ನೂ ಮೆತ್ತಗಾದ. "ಅಳ್ಬೇಡ್ವೇ. ಇಷ್ಟು ವರ್ಷ ಓದಿದೀಯ. ಒಂದು ಸಲ ಕಣ್ತಪ್ಪಾಗುತ್ತೆ. ನಾನೇನು ಎಲ್ಲಾ ಕಂಪ್ರೆಸರೂ ಸರಿಯಾಗಿ ರಿಪೇರಿ ಮಾಡಿದೀನಾ?"

ಅವನಿಗೆ ಇದ್ದ ಒಂದೇ ರಕ್ಷಣೆ ಅದು. ಸರ್ಕಾರದ ವಕೀಲೆಗೆ ತೋರಿಸಿ ಸಹಿ ಹಾಕಿದ ಮನುಷ್ಯನಿಗೆ ದುರುದ್ದೇಶ ಎಲ್ಲಿಂದ ಬರುತ್ತದೆ? ಅದನ್ನೇ ಅವನು ಅವಳಿಗಾಗಿ ನುಂಗಿಕೊಂಡು ಕೂತಿದ್ದ. ಲಾಯರಮ್ಮ ಕೋಣೆಯ ದೀಪದ ಕಡೆ ನೋಡಿದಳು. ಇನ್ನೊಂದು ಮಾತಾಡಿದರೆ ಕೆಲಸ, ಪಿಂಚಣಿ, ಗೌರವ, ಬಹುಶಃ ಸ್ವಾತಂತ್ರ್ಯವೂ ಹೋಗುತ್ತದೆ. ಆಶ್ಚರ್ಯವೆಂದರೆ ಆ ಹೊತ್ತಿನಲ್ಲಿ ಅದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಕಣ್ತಪ್ಪು ಎಂದು ಅವನು ಕ್ಷಮಿಸುತ್ತಿರುವುದು ಮಾತ್ರ ಸಹಿಸಲಾಗಲಿಲ್ಲ.

"ಕಣ್ತಪ್ಪಲ್ಲ ಗುಂಡಾ," ಎಂದಳು. "ಸರಿಯಾಗೇ ಓದಿದ್ದೆ."

"ಅಂದ್ರೆ?"

"ಅವನು ಯಾರು ಅಂತ ನನಗೆ ಗೊತ್ತಿತ್ತು."

"ಯಾವಾಗ ಗೊತ್ತಾಯ್ತು?"

"ಮೊದಲೇ. ನೀನು ಕಾಗದ ತರೋಕೆ ಮೊದಲೇ."

ಗುಂಡ ಅವಳನ್ನು ನೋಡುತ್ತ ಕೂತ. ಕಂಪ್ರೆಸರ್ ಸದ್ದು ಆಲಿಸುವಾಗಿನ ಮುಖವೇ ಅದು. ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಮುಖ.

"ಟಿಕ್ ಹಾಕುವಾಗ?"

"ಆಗ್ಲೂ."

ಅವಳು ಅವಸರದಿಂದ ಉಳಿದದ್ದನ್ನು ಹೇಳಿದಳು. ರೈಲು ನಿಲ್ದಾಣ, ಹೇಳಿದ್ದರೆ ಛತ್ರಿ ತಪ್ಪಿಸಿಕೊಳ್ಳುತ್ತಿದ್ದುದು, ಸಾಹೇಬರ ಬಾಯಿಮಾತು. ನ್ಯಾಯಾಧೀಶರ ಮುಂದೆ ಮುಚ್ಚಿದ ಬಾಗಿಲ ಹಿಂದೆ ಎಲ್ಲವನ್ನೂ ಹೇಳುತ್ತೇನೆ, ನನಗೆ ಏನಾದರೂ ಆಗಲಿ, ನಿನ್ನನ್ನು ಹೊರಗೆ ತರುತ್ತೇನೆ ಎಂದಳು. ಅವನು ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಮೇಜಿನ ಮೇಲಿದ್ದ ತನ್ನ ಕೈಗಳನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಅಷ್ಟು ಜನ ಉಳಿದ್ರಲ್ಲ, ಒಳ್ಳೇದಾಯ್ತು," ಎಂದ. ಅದರಲ್ಲಿ ಕುಹಕವಿರಲಿಲ್ಲ, ಅವನಿಗೆ ಕುಹಕ ಬರುತ್ತಿರಲಿಲ್ಲ. "ಆದ್ರೆ ಅಕ್ಕಾ, ನೀನಿದನ್ನ ನಂಗೆ ಹೇಳ್ಬಾರದಾಗಿತ್ತು. ತಪ್ಪು ಓದಿದೆ ಅಂತ ಅನ್ಕೊಂಡು ಎಷ್ಟು ವರ್ಷ ಬೇಕಾದ್ರೂ ಇಲ್ಲಿ ಇರ್ತಿದ್ದೆ ನಾನು."

ಕಾವಲಿನವನು ಬಾಗಿಲು ತಟ್ಟಿದ. ಗುಂಡ ಎದ್ದು ನಿಂತ.

"ಕೋರ್ಟಲ್ಲಿ ಹೇಳು. ಬೇಡ ಅನ್ನಲ್ಲ, ನನಗೂ ಮಗಳಿದಾಳೆ. ಆದ್ರೆ ಅಮ್ಮನಿಗೆ ಹೇಳ್ಬೇಡ. ಮಗ ಜೈಲಲ್ಲಿದಾನೆ ಅನ್ನೋದನ್ನ ಅವಳು ಹೇಗೋ ತಡ್ಕೋತಾಳೆ. ಇದನ್ನ ತಡ್ಕೊಳಲ್ಲ." ಬಾಗಿಲ ಬಳಿ ಹೋಗಿ ತಿರುಗಿದ. "ಮಾತು ಕೊಡು."

ಅವಳು ಕೊಟ್ಟಳು. ಮಾತು ಕೊಟ್ಟರೆ ಉಳಿಸಿಕೊಳ್ಳುವವಳೆಂದು ಅವಳಿಗೆ ಮೊದಲಿನಿಂದಲೂ ಹೆಸರಿತ್ತು.

ಅಲ್ಲಿಂದ ನೇರ ಮನೆಗೆ ಹೋದಳು. ಶೆಡ್ಡಿಗೆ ಸರ್ಕಾರದ ಮುದ್ರೆ ಬಿದ್ದಿತ್ತು. ಒಳಗೆ ತಮ್ಮನ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು; ಅತ್ತಿಗೆಯ ಹೆಜ್ಜೆ ಕೇಳಿಯೂ ತಿರುಗಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಲಾಯರಮ್ಮ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನೋಡಿದ್ಯಾ ಅವನ್ನ? ಊಟ ಮಾಡ್ತಾನಂತಾ?"

"ಮಾಡ್ತಾನಂತೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗನನ್ನು ಎತ್ತಿಕೊಂಡು ಹೋದ ದಿನದಿಂದ ಒಂದು ಮಾತನ್ನು ಮಗಳ ಮುಖ ನೋಡುವ ತನಕ ತಡೆದಿದ್ದಳು.

"ನೀನು ಸರಿಯಾಗಿ ಓದ್ಲಿಲ್ವೇನೇ?"

ಲಾಯರಮ್ಮ ತನ್ನ ವೃತ್ತಿಯಲ್ಲಿ ಎಷ್ಟೋ ಜನರ ಎದುರು ಕೂತು ಪ್ರಶ್ನೆ ಕೇಳಿದ್ದಳು. ಉತ್ತರ ಗೊತ್ತಿದ್ದೂ ಹೇಳಲಾರದವರ ಮುಖ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮುಖ ಅಮ್ಮನಿಗೆ ಕಾಣದಿರಲೆಂದು ತಲೆ ತಗ್ಗಿಸಿದಳು.

"ಇಲ್ಲಮ್ಮ. ಸರಿಯಾಗಿ ಓದ್ಲಿಲ್ಲ."

ಅಮ್ಮ ಬೈಯುತ್ತಾಳೆಂದು, ಅಪ್ಪನಿಗೆ ಬೈದ ಹಾಗೆ ವರ್ಷಗಟ್ಟಲೆ ಬೈಯುತ್ತಾಳೆಂದು ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಅಮ್ಮ ಕೈ ಚಾಚಿ, ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ನರೆತ ಕೂದಲಲ್ಲಿ ಬೆರಳಾಡಿಸಿದಳು.

"ಹೋಗ್ಲಿ ಬಿಡು ಮಗಳೇ. ನೀನೇನು ಬೇಕೂಂತ ಮಾಡಿದ್ಯಾ?"

"ಇಲ್ಲಮ್ಮ," ಎಂದಳು.